ಆರೋಪಿಗೆ ಹದಿನೆಂಟು ತುಂಬಿಲ್ಲದಿದ್ದರೆ ಮೇಲಧಿಕಾರಿ ನೋಡಬೇಕಾದ್ದೇನು?

2017ರ ಸೆಪ್ಟೆಂಬರ್ 8ರಂದು ಹರಿಯಾಣದ ಗುರುಗ್ರಾಮದ ಶಾಲೆಯೊಂದರ ಶೌಚಾಲಯದಲ್ಲಿ ಎರಡನೇ ತರಗತಿಯ ಬಾಲಕನ ಕೊಲೆಯಾಯಿತು. ಸ್ಥಳೀಯ ಪೊಲೀಸರು ಅದೇ ದಿನ ಶಾಲಾ ಬಸ್ಸಿನ ಕಂಡಕ್ಟರನ್ನು ಬಂಧಿಸಿ, ಆತ ತಪ್ಪೊಪ್ಪಿಕೊಂಡಿದ್ದಾನೆ ಎಂದರು. ಆಮೇಲೆ ತನಿಖೆ ಸಿಬಿಐ ಕೈಗೆ ಹೋಯಿತು. ನವೆಂಬರ್‌ನಲ್ಲಿ ಸಿಬಿಐ ಅದೇ ಶಾಲೆಯ ಹನ್ನೊಂದನೇ ತರಗತಿಯ 16 ವರ್ಷದ ವಿದ್ಯಾರ್ಥಿಯನ್ನು ವಶಕ್ಕೆ ಪಡೆಯಿತು; ಕಂಡಕ್ಟರ್ 2018ರ ಫೆಬ್ರುವರಿಯಲ್ಲಿ ಆರೋಪಮುಕ್ತನಾದ. 2021ರಲ್ಲಿ ಸಿಬಿಐ, ಎಸಿಪಿ ದರ್ಜೆಯ ಅಧಿಕಾರಿಯೂ ಸೇರಿದಂತೆ ನಾಲ್ವರು ಪೊಲೀಸರ ಮೇಲೆ ಅಮಾಯಕನನ್ನು ಸಿಲುಕಿಸಿದ ಆರೋಪ ಹೊರಿಸಿತು. ಇತ್ತ, ಆ ವಿದ್ಯಾರ್ಥಿಯನ್ನು ವಯಸ್ಕನಂತೆ ವಿಚಾರಣೆಗೆ ಒಳಪಡಿಸಬಹುದೇ ಎಂಬ ಒಂದೇ ಪ್ರಶ್ನೆ ಬಾಲನ್ಯಾಯ ಮಂಡಳಿಯಿಂದ ಸುಪ್ರೀಂ ಕೋರ್ಟ್ ತನಕ ಹೋಗಿ 2022ರ ಜುಲೈವರೆಗೂ ಎಳೆಯಿತು. ಪೊಲೀಸರ ಮೇಲಿನ ಆರೋಪ ನಿಲ್ಲುತ್ತದೋ ಬೀಳುತ್ತದೋ ಎಂಬುದು ಕೋರ್ಟಿನ ಮಾತು. ಆದರೆ ಒಂದೇ ದಿನದಲ್ಲಿ ಸಿಕ್ಕ ತಪ್ಪೊಪ್ಪಿಗೆಯನ್ನು ನಂಬಿ ‘ಪ್ರಕರಣ ಬಗೆಹರಿಯಿತು’ ಎಂದ ವ್ಯವಸ್ಥೆಯಲ್ಲಿ, ಮೇಲೆ ಕೂತವರು ಕೇಳಬೇಕಿದ್ದ ಪ್ರಶ್ನೆಗಳು ಸಕಾಲಕ್ಕೆ ಬರಲಿಲ್ಲ ಎನ್ನಲು ತೀರ್ಪಿನವರೆಗೆ ಕಾಯಬೇಕಿಲ್ಲ. ವಯಸ್ಕರ ಪ್ರಕರಣದಲ್ಲಿ ಮೇಲಧಿಕಾರಿ ತಡವಾಗಿ ಫೈಲು ತೆರೆದರೂ ಎಷ್ಟೋ ಲೋಪಗಳನ್ನು ಸರಿಪಡಿಸಿಕೊಳ್ಳಬಹುದು. ಮಕ್ಕಳ ಪ್ರಕರಣದಲ್ಲಿ ಆ ಅನುಕೂಲ ಇಲ್ಲ. ಅಲ್ಲಿ ಮೇಲ್ವಿಚಾರಣೆಯ ಬಹುಪಾಲು ಮೊದಲ 24 ಗಂಟೆಯೊಳಗೇ ಆಗಿರಬೇಕು, ಮತ್ತು ಅದರ ಅಳತೆಗೋಲು ತಪ್ಪೊಪ್ಪಿಗೆ ಆಗಿರಬಾರದು. ಈ ಹುದ್ದೆಗೆ ಬರುವವರಿಗೂ ಇಂಥ ಪ್ರಕರಣಕ್ಕೆ ಸಿಕ್ಕಿಕೊಂಡ ಮನೆಯವರಿಗೂ ಇದರ ಕಾರಣ ಗೊತ್ತಿದ್ದರೆ ಒಳ್ಳೆಯದು.

ಹುದ್ದೆ ಯಾವುದು ಎಂಬುದನ್ನು ಮೊದಲು ಸ್ಪಷ್ಟ ಮಾಡಿಕೊಳ್ಳೋಣ. 2016ರ ಜನವರಿ 15ರಂದು ಜಾರಿಗೆ ಬಂದ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ 107ನೇ ಸೆಕ್ಷನ್ ಪ್ರಕಾರ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬರಾದರೂ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಪ್ರತಿ ಜಿಲ್ಲೆ ಮತ್ತು ನಗರಕ್ಕೆ ವಿಶೇಷ ಮಕ್ಕಳ ಪೊಲೀಸ್ ಘಟಕ ಇರಬೇಕು. ಅದರ ಮುಖ್ಯಸ್ಥರು ಡಿವೈಎಸ್‌ಪಿ ಅಥವಾ ಅದಕ್ಕೂ ಮೇಲಿನ ದರ್ಜೆಯವರು. ಠಾಣೆಗಳ ಈ ಅಧಿಕಾರಿಗಳೆಲ್ಲ ಆ ಘಟಕದವರೇ, ಜೊತೆಗೆ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರು ಮಹಿಳೆ. ರೈಲ್ವೆ ಪೊಲೀಸರಿಗೂ ಇದು ಅನ್ವಯ. ಪಿಎಸ್‌ಐ ಆಗಿ ಸೇರಿ ಬಡ್ತಿ ಪಡೆದು ಬಂದವರಿರಲಿ, ಕೆಪಿಎಸ್‌ಸಿ ಪರೀಕ್ಷೆ ಬರೆದು ನೇರವಾಗಿ ಡಿವೈಎಸ್‌ಪಿ ಆದವರಿರಲಿ, ಈ ಜವಾಬ್ದಾರಿ ಸಾಮಾನ್ಯವಾಗಿ ಉಳಿದ ಹತ್ತು ಕೆಲಸಗಳ ಜೊತೆ ಹೆಗಲಿಗೆ ಬೀಳುತ್ತದೆ. ತೊಡಕಿನ ಮೂಲ ಇರುವುದೂ ಅಲ್ಲೇ. 2022ರಲ್ಲಿ ದೇಶದಲ್ಲಿ ಅಪ್ರಾಪ್ತರ ಮೇಲೆ ದಾಖಲಾದ ಪ್ರಕರಣಗಳು 30,555. ಅದೇ ವರ್ಷದ ಒಟ್ಟು ಸಂಜ್ಞೇಯ ಪ್ರಕರಣಗಳು 58 ಲಕ್ಷಕ್ಕೂ ಮಿಕ್ಕಿ. ಅಪರೂಪಕ್ಕೆ ಬರುವ ಕೆಲಸ ಕೈಗೆ ಪಳಗುವುದಿಲ್ಲ. ಹಾಗಾಗಿ ಠಾಣೆಯವರು ತಮಗೆ ರೂಢಿಯಿರುವ ವಯಸ್ಕರ ಪ್ರಕರಣದ ದಾರಿಯಲ್ಲೇ ಹೊರಟುಬಿಡುತ್ತಾರೆ. ಅವರನ್ನು ಅಲ್ಲೇ ತಡೆದು ನಿಲ್ಲಿಸಬೇಕಾದವರು ಘಟಕದ ಮುಖ್ಯಸ್ಥರು.

ತಡೆಯುವ ಮೊದಲ ಪ್ರಶ್ನೆ ವಯಸ್ಸಿನದು. ‘ಹುಡುಗ ಇಪ್ಪತ್ತರ ಹಾಗೆ ಕಾಣ್ತಾನೆ ಸಾರ್’ ಎಂಬ ಮಾತಿಗೆ ಕಾನೂನಿನಲ್ಲಿ ಬೆಲೆ ಕಡಿಮೆ. ಸಂದೇಹ ಇದ್ದಾಗ ಯಾವ ದಾಖಲೆಯನ್ನು ಯಾವ ಕ್ರಮದಲ್ಲಿ ನೋಡಬೇಕೆಂದು 94ನೇ ಸೆಕ್ಷನ್ ಹೇಳುತ್ತದೆ: ಶಾಲೆ ಕೊಡುವ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮೊದಲು, ಅದಿಲ್ಲದಿದ್ದರೆ ನಗರಸಭೆ ಅಥವಾ ಪಂಚಾಯಿತಿಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಈ ಸಾಲಿನಲ್ಲಿ ಆಧಾರ್ ಕಾರ್ಡ್ ಇಲ್ಲ. ಠಾಣೆಗಳಲ್ಲಿ ಮೊದಲು ಕೇಳುವುದು ಅದನ್ನೇ ಆದರೂ, ಅದು ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಶಾಲೆಯ ದಾಖಲೆ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಒಪ್ಪಬೇಕೆಂದೂ ಅಲ್ಲ. ದಾಖಲಾತಿಯ ಹೊತ್ತಿಗೆ ಮೇಷ್ಟರು ಜೂನ್ 1 ಎಂದು ಬರೆದುಕೊಂಡುಬಿಡುತ್ತಿದ್ದ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಎಷ್ಟು ವ್ಯಾಪಕವಾಗಿತ್ತು ಎಂಬುದು ಯಾವ ಮನೆಯ ಹಿರಿಯರ ಹುಟ್ಟುಹಬ್ಬ ಕೇಳಿದರೂ ತಿಳಿಯುತ್ತದೆ. ಆದ್ದರಿಂದ ಮೇಲಧಿಕಾರಿ ಕೇಳಬೇಕಾದ್ದು ನಕಲು ಪ್ರಮಾಣಪತ್ರವನ್ನಲ್ಲ, ಮೊದಲ ಸಲ ಒಂದನೇ ತರಗತಿಗೆ ಸೇರಿದ ಶಾಲೆಯ ದಾಖಲಾತಿ ಪುಸ್ತಕದ ಪುಟವನ್ನು. ಘಟನೆ ನಡೆದ ದಿನ ಆತನಿಗೆ ಎಷ್ಟು ವಯಸ್ಸು ಎಂಬುದೇ ಮುಖ್ಯ. ಹಿಡಿದ ದಿನದ ವಯಸ್ಸು ಲೆಕ್ಕಕ್ಕಿಲ್ಲ. ಇದು 2005ರಲ್ಲೇ ಸಂವಿಧಾನ ಪೀಠದಲ್ಲಿ ತೀರ್ಮಾನವಾದ ವಿಷಯ. ಅಪ್ರಾಪ್ತ ಎಂಬ ವಾದವನ್ನು ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿ ಬೇಕಾದರೂ ಎತ್ತಲು 9ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಮೊದಲ ದಿನ ಅರ್ಧ ಗಂಟೆ ಉಳಿಸಲು ಹೋಗಿ ‘ವಯಸ್ಸು ಸುಮಾರು 19’ ಎಂದು ಬರೆದರೆ, ಹತ್ತು ವರ್ಷದ ನಂತರ ಮೇಲ್ಮನವಿಯಲ್ಲಿ ಇಡೀ ಶಿಕ್ಷೆ ಬಿದ್ದುಹೋಗಬಹುದು. ಅನ್ಯಾಯ ಆಗ ಸಂತ್ರಸ್ತರಿಗೂ ಆಗುತ್ತದೆ.

ಎರಡನೆಯದು ಅಪರಾಧದ ವರ್ಗ. ಕಾಯ್ದೆ ಮೂರು ವರ್ಗ ಮಾಡಿದೆ. ಗರಿಷ್ಠ ಶಿಕ್ಷೆ ಮೂರು ವರ್ಷದವರೆಗಿನವು ಸಣ್ಣ ಅಪರಾಧಗಳು. ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವವು ಘೋರ ಅಪರಾಧಗಳು. ನಡುವಿನವು ಗಂಭೀರ ಅಪರಾಧಗಳು. ಗರಿಷ್ಠ ಶಿಕ್ಷೆ ಏಳು ವರ್ಷ ಮೀರಿದ್ದರೂ ಕನಿಷ್ಠ ಶಿಕ್ಷೆ ನಿಗದಿಯಾಗಿಲ್ಲದ, ಅಥವಾ ಅದು ಏಳಕ್ಕಿಂತ ಕಡಿಮೆ ಇರುವ ಅಪರಾಧಗಳೂ ಗಂಭೀರ ವರ್ಗಕ್ಕೇ ಸೇರುತ್ತವೆ ಎಂಬುದನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು, 2021ರ ತಿದ್ದುಪಡಿ ಕಾಯ್ದೆಯಲ್ಲೇ ಬರೆಯಿತು. ಇದರ ಪರಿಣಾಮ ಹಲವರಿಗೆ ಅಚ್ಚರಿ ತರುತ್ತದೆ: ಭಾರತೀಯ ನ್ಯಾಯ ಸಂಹಿತೆಯಡಿ ಮೊಬೈಲ್ ಕಿತ್ತು ಓಡುವುದು ಸಣ್ಣ ಅಪರಾಧ, ಸುಲಿಗೆ ಗಂಭೀರ ಅಪರಾಧ, ಕೊಲೆ ಯತ್ನ ಕೂಡ ಗಂಭೀರವೇ, ಕೊಲೆ ಮತ್ತು ಅತ್ಯಾಚಾರ ಘೋರ. ಕೇಂದ್ರದ 2016ರ ಮಾದರಿ ನಿಯಮಗಳ 8ನೇ ನಿಯಮದಂತೆ ಘೋರ ಅಪರಾಧ, ಅಥವಾ ವಯಸ್ಕರ ಜೊತೆಗೂಡಿ ಮಾಡಿದ ಅಪರಾಧ ಬಿಟ್ಟು ಉಳಿದವಕ್ಕೆ ಎಫ್‌ಐಆರ್ ಬೇಡ. ಠಾಣಾ ದಿನಚರಿಯಲ್ಲಿ ದಾಖಲಿಸಿ, ಮಗುವಿನ ಸಾಮಾಜಿಕ ಹಿನ್ನೆಲೆ ವರದಿಯೊಂದಿಗೆ ಮಂಡಳಿಗೆ ಕಳಿಸಬೇಕು. ವಶಕ್ಕೆ ಪಡೆಯುವುದೂ ಮುಖ್ಯವಾಗಿ ಘೋರ ಅಪರಾಧಕ್ಕೆ ಮಾತ್ರ. 2024ರ ಮೇ 19ರ ಪುಣೆಯ ಪೋರ್ಶೆ ಕಾರು ಪ್ರಕರಣ ಇಲ್ಲಿ ಕಲಿಸುವ ಪಾಠ ದೊಡ್ಡದು. 17 ವರ್ಷದ ಹುಡುಗ ಚಲಾಯಿಸುತ್ತಿದ್ದನೆಂಬ ಕಾರು ಗುದ್ದಿ ಇಬ್ಬರು ಎಂಜಿನಿಯರ್‌ಗಳು ಸತ್ತರು, ಅದೇ ದಿನ 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಸಿಕ್ಕಿತು, ದೇಶವೇ ಸಿಟ್ಟಿಗೆದ್ದಿತು. ಅವನನ್ನು ವಯಸ್ಕನಂತೆ ವಿಚಾರಿಸಿ ಎಂದು ಪೊಲೀಸರು ಕೇಳಿದರು. ಆದರೆ ಅವನ ಮೇಲಿದ್ದ ಐಪಿಸಿ 304ರ ಎರಡನೇ ಭಾಗದಲ್ಲಿ ಕನಿಷ್ಠ ಶಿಕ್ಷೆಯೇ ಇಲ್ಲ, ಅಂದರೆ ಅದು ಘೋರ ಅಪರಾಧವಲ್ಲ. ವೀಕ್ಷಣಾಲಯದಲ್ಲಿಟ್ಟದ್ದನ್ನು ಬಾಂಬೆ ಹೈಕೋರ್ಟ್ ಜೂನ್‌ನಲ್ಲಿ ಅಕ್ರಮ ಎಂದಿತು. ವಯಸ್ಕನೆಂದು ಪರಿಗಣಿಸುವ ಕೋರಿಕೆಯನ್ನು ಮಂಡಳಿ 2025ರಲ್ಲಿ ತಳ್ಳಿಹಾಕಿತು. ಪೊಲೀಸರ ಕೈಯಲ್ಲಿ ನಿಜವಾಗಿ ಇದ್ದದ್ದು ಮೊದಲ ಕೆಲವು ಗಂಟೆಗಳು: ವೈದ್ಯಕೀಯ ಪರೀಕ್ಷೆ, ರಕ್ತದ ಮಾದರಿ, ಮೇಲಧಿಕಾರಿಗಳಿಗೆ ಮಾಹಿತಿ. ರಕ್ತದ ಮಾದರಿ ಬದಲಾಯಿತೆಂಬ ಆರೋಪದ ಮೇಲೆ ವೈದ್ಯರ ಬಂಧನವಾಯಿತು; ಮಾಹಿತಿ ಮುಟ್ಟಿಸದ ಇಬ್ಬರು ಠಾಣಾಧಿಕಾರಿಗಳು ಅಮಾನತಾದರು. ಆಮೇಲೆ ಎಷ್ಟು ಗಟ್ಟಿಯಾಗಿ ಕೂಗಿದರೂ ಆ ಗಂಟೆಗಳು ಮರಳಿ ಬರಲಿಲ್ಲ.

ಮೂರನೆಯದು, ಮಗು ಆ 24 ಗಂಟೆ ಎಲ್ಲಿ, ಯಾರ ಜೊತೆ ಇತ್ತು ಎಂಬುದು. 10ನೇ ಸೆಕ್ಷನ್‌ನಲ್ಲಿ ಎರಡು ಅರ್ಥಕ್ಕೆ ಜಾಗವಿಲ್ಲ: ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಯಾವ ಕಾರಣಕ್ಕೂ ಲಾಕಪ್ಪಿನಲ್ಲಾಗಲಿ ಜೈಲಿನಲ್ಲಾಗಲಿ ಇಡಬಾರದು. ಮಂಡಳಿಯ ಕಲಾಪ ಇಲ್ಲದ ದಿನ ಒಬ್ಬರೇ ಸದಸ್ಯರ ಮುಂದೆ ಹಾಜರುಪಡಿಸಲು 7ನೇ ಸೆಕ್ಷನ್‌ನಲ್ಲಿ ಅವಕಾಶ ಇರುವುದರಿಂದ, ‘ನಾಳೆ ಭಾನುವಾರ’ ಎಂಬ ನೆಪ ನಡೆಯುವುದಿಲ್ಲ. ಕೈಕೋಳ ಕೂಡದು. ಅಧಿಕಾರಿ ಮಫ್ತಿಯಲ್ಲಿರಬೇಕು. ಮಾತಾಡಿಸುವ ಜಾಗ ಠಾಣೆಯೊಳಗೇ ಇದ್ದರೂ ಠಾಣೆ ಎನ್ನಿಸುವಂತಿರಬಾರದು. ಯಾವ ಹೇಳಿಕೆಗೂ ಮಗುವಿನ ಸಹಿ ತೆಗೆದುಕೊಳ್ಳುವಂತಿಲ್ಲ. ಪಾಲಕರಿಗೆ, ಪರಿವೀಕ್ಷಣಾಧಿಕಾರಿಗೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಲೇಬೇಕು. ಅಪರಾಧ ಜಾಮೀನು ಸಿಗದಂಥದ್ದಾದರೂ ಮಗುವಿಗೆ ಜಾಮೀನು ಸಾಮಾನ್ಯ ನಿಯಮ, ನಿರಾಕರಣೆ ಅಪವಾದ. ಇದೆಲ್ಲ ಬಾಯಿಪಾಠ ಹೇಳುವವರಿಗೆ ಕೊರತೆಯಿಲ್ಲ. ಆದರೆ ಮೇಲಧಿಕಾರಿ ವರದಿ ಓದಿ ಸುಮ್ಮನಾಗುವ ಬದಲು ಹೊತ್ತುಗಳನ್ನು ಒಂದಕ್ಕೊಂದು ತಾಳೆ ನೋಡಬೇಕು: ದಿನಚರಿಯಲ್ಲಿ ಬರೆದ ಸಮಯ, ತಾಯಿಗೆ ಹೋದ ಫೋನ್ ಕರೆಯ ಸಮಯ, ಠಾಣೆಯ ಸಿಸಿಟಿವಿಯಲ್ಲಿ ಹುಡುಗ ಒಳಗೆ ಬಂದ ಸಮಯ, ಆಸ್ಪತ್ರೆಯ ಚೀಟಿಯ ಮೇಲಿನ ಸಮಯ. ರಾತ್ರಿ ಒಂಬತ್ತಕ್ಕೆ ಹುಡುಗ ಠಾಣೆಗೆ ಬಂದಿದ್ದು ಕ್ಯಾಮೆರಾದಲ್ಲಿದ್ದು, ‘ಬೆಳಿಗ್ಗೆ ಹತ್ತಕ್ಕೆ ವಶಕ್ಕೆ’ ಎಂದು ಡೈರಿ ಹೇಳಿದರೆ, ನಡುವಿನ ಹದಿಮೂರು ಗಂಟೆಗೆ ಯಾರೋ ಉತ್ತರ ಹೇಳಬೇಕಾಗುತ್ತದೆ. ಅದನ್ನು ಮಂಡಳಿಯ ಎದುರು ವಕೀಲರು ಕೇಳುವ ಮೊದಲೇ ಮೇಲಧಿಕಾರಿ ಕೇಳಿದರೆ ಇಲಾಖೆಗೂ ಮರ್ಯಾದೆ.

ಠಾಣೆಯ ಅನುಭವಿಗಳು ಇಲ್ಲಿ ಒಂದು ಆಕ್ಷೇಪ ತೆಗೆಯುತ್ತಾರೆ, ಅದು ತಳ್ಳಿಹಾಕುವಂಥದ್ದೂ ಅಲ್ಲ. ಹೀಗೆ ಮೆತ್ತಗೆ ಮಾತಾಡಿಸಿದರೆ ಕದ್ದ ಮಾಲು ಹೇಗೆ ಸಿಗುತ್ತದೆ, ಸಂತ್ರಸ್ತರಿಗೆ ಏನು ಹೇಳುವುದು ಎಂಬುದು ಅವರ ಮಾತು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ವಯಸ್ಕರ ವಿಷಯದಲ್ಲೇ ಸಾಕ್ಷ್ಯವಲ್ಲ. ಅದರಿಂದ ಪತ್ತೆಯಾದ ವಸ್ತುವಿನ ಮಟ್ಟಿಗೆ ಮಾತ್ರ ಬೆಲೆ. ವಸ್ತು ಬೇಕಿದ್ದರೆ ಅದಕ್ಕೆ ಸಿಸಿಟಿವಿ ಇದೆ, ಕರೆ ವಿವರ ಇದೆ, ಕದ್ದದ್ದನ್ನು ಕೊಂಡವನ ಅಂಗಡಿ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಶೋಧ ಮತ್ತು ಜಪ್ತಿಯ ದೃಶ್ಯ ಚಿತ್ರೀಕರಣವನ್ನೇ ಕಡ್ಡಾಯ ಮಾಡಿದೆ. ಗದರಿಸಿ ಪಡೆದ ಮಾತು ನಂಬಲರ್ಹವಲ್ಲ ಎಂಬುದು ದಯೆಯಿಂದ ಹುಟ್ಟಿದ ವಾದವೂ ಅಲ್ಲ. ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ 1989ರಲ್ಲಿ ನಡೆದ ಅತ್ಯಾಚಾರಕ್ಕೆ 14ರಿಂದ 16 ವರ್ಷದ ಐವರು ಹುಡುಗರಿಗೆ ಶಿಕ್ಷೆಯಾಯಿತು. ನಾಲ್ವರ ತಪ್ಪೊಪ್ಪಿಗೆ ವಿಡಿಯೊದಲ್ಲಿತ್ತು. 2002ರಲ್ಲಿ ಡಿಎನ್‌ಎ ಬೇರೆಯವನದೆಂದು ಗೊತ್ತಾಗಿ ಶಿಕ್ಷೆಗಳು ರದ್ದಾದವು. ಅಷ್ಟು ವರ್ಷ ಆ ತಪ್ಪೊಪ್ಪಿಗೆ ಕಾಪಾಡಿದ್ದು ನಿಜವಾದ ಅಪರಾಧಿಯನ್ನು. ಅಪ್ರಾಪ್ತರನ್ನು ವಿಚಾರಿಸುವಾಗ ಪೊಲೀಸರು ಸುಳ್ಳು ಹೇಳಿ ಬಾಯಿಬಿಡಿಸುವುದನ್ನು ಇಲಿನಾಯ್ ರಾಜ್ಯ 2021ರಲ್ಲಿ ಅಮೆರಿಕದಲ್ಲೇ ಮೊದಲಿಗೆ ನಿಷೇಧಿಸಿದ್ದಕ್ಕೆ ಹಿನ್ನೆಲೆ ಇಂಥ ಪ್ರಕರಣಗಳೇ. ಹೆದರಿದ ಮಗು ಎದುರಿಗಿರುವವರಿಗೆ ಬೇಕಾದ ಉತ್ತರ ಕೊಟ್ಟು ಮನೆಗೆ ಹೋಗಲು ನೋಡುತ್ತದೆ. ಆ ಉತ್ತರವನ್ನು ನಂಬಿ ಕೂತರೆ ತನಿಖೆ ಅಲ್ಲೇ ನಿಂತಂತೆ.

ಇನ್ನು ಆ ಸಾಮಾಜಿಕ ಹಿನ್ನೆಲೆ ವರದಿ. ಮಾದರಿ ನಿಯಮಗಳ ಕೊನೆಯಲ್ಲಿ ನಮೂನೆ 1 ಎಂದಿರುವ ಈ ಹಾಳೆಗಳನ್ನು ಅನೇಕ ಕಡೆ ರೈಟರ್ ಕೂತಲ್ಲೇ ತುಂಬುತ್ತಾರೆ. ‘ಬಡತನ’, ‘ಕೆಟ್ಟ ಸಹವಾಸ’ ಎಂಬ ಎರಡು ಪದಗಳಲ್ಲಿ ಕಾರಣದ ಅಂಕಣ ಮುಗಿದಿರುತ್ತದೆ. ನನ್ನ ಮಟ್ಟಿಗೆ ಇಡೀ ಕಡತದಲ್ಲಿ ಇದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲ. ಆ ನಮೂನೆ ಏನು ಕೇಳುತ್ತದೆ ನೋಡಿ: ಮನೆ ಬಿಟ್ಟಿದ್ದರೆ ಏಕೆ, ಶಾಲೆ ಬಿಟ್ಟದ್ದು ಏಕೆ, ದುಡಿಯುತ್ತಿದ್ದರೆ ಎಲ್ಲಿ, ಆ ದುಡ್ಡು ಯಾವುದಕ್ಕೆ ಖರ್ಚಾಗುತ್ತದೆ, ಗೆಳೆಯರು ತನ್ನ ವಯಸ್ಸಿನವರೋ ದೊಡ್ಡವರೋ, ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೇ, ಯಾವುದಾದರೂ ಗ್ಯಾಂಗು ಅಥವಾ ವಯಸ್ಕರು ಅದನ್ನು ಬಳಸಿಕೊಂಡಿದ್ದಾರೆಯೇ. ಈ ಪ್ರಶ್ನೆಗಳಿಗೆ ನಿಜವಾದ ಉತ್ತರ ಸಿಕ್ಕರೆ ಅದು ತನಿಖೆಯ ಸುಳಿವೂ ಆಗುತ್ತದೆ. ಏಳನೇ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ ಹುಡುಗನ ಗೆಳೆಯರೆಲ್ಲ ಇಪ್ಪತ್ತೈದು ದಾಟಿದವರು, ಅವನ ಕೈಯಲ್ಲಿ ಸಂಬಳಕ್ಕೆ ಮೀರಿದ ಫೋನು ಇದೆ ಎಂದು ಬರೆದಿದ್ದರೆ, ಓದುವ ಮೇಲಧಿಕಾರಿ ಕೇಳಬೇಕಾದ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ‘ದೊಡ್ಡವರು ಮಕ್ಕಳನ್ನು ಮುಂದೆ ಬಿಟ್ಟು ಪಾರಾಗುತ್ತಿದ್ದಾರೆ, ಈ ಕಾನೂನೇ ಅವರಿಗೆ ಗುರಾಣಿ’ ಎಂಬ ಇನ್ನೊಂದು ಆಕ್ಷೇಪಕ್ಕೂ ಉತ್ತರ ಇಲ್ಲೇ ಇದೆ. ಮಕ್ಕಳ ಕೈಯಲ್ಲಿ ಮದ್ಯ, ಮಾದಕ ವಸ್ತು ಮಾರಿಸುವವರಿಗೆ 78ನೇ ಸೆಕ್ಷನ್, ಅಕ್ರಮ ಕೆಲಸಕ್ಕೆ ಬಳಸುವ ವಯಸ್ಕರಿಗೆ 83ನೇ ಸೆಕ್ಷನ್ ಏಳು ವರ್ಷದವರೆಗೆ ಕಠಿಣ ಸಜೆ ವಿಧಿಸುತ್ತವೆ. ಅಸ್ತ್ರ ಕಾಯ್ದೆಯಲ್ಲೇ ಇದೆ, ಅದನ್ನು ಹೂಡಲು ಬೇಕಾದ ಮಾಹಿತಿ ಇರಬೇಕಾದ್ದು ನಮೂನೆ 1ರಲ್ಲಿ. ಅದನ್ನು ಖಾಲಿ ಬಿಟ್ಟವರು ಕಾನೂನನ್ನು ದೂರುವುದರಲ್ಲಿ ಅರ್ಥವಿಲ್ಲ.

ಎಲ್ಲಕ್ಕಿಂತ ಭಾರದ ಆಕ್ಷೇಪ ಹದಿನಾರು ದಾಟಿದವರ ಘೋರ ಅಪರಾಧದ್ದು. 2012ರ ಡಿಸೆಂಬರ್‌ನ ದೆಹಲಿ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬ ಅಪ್ರಾಪ್ತನಿದ್ದು, ಅವನಿಗೆ ಮೂರು ವರ್ಷದ ವಿಶೇಷ ಗೃಹವಾಸವಷ್ಟೇ ಆದದ್ದು ಜನರ ಮನಸ್ಸಿನಿಂದ ಮಾಸಿಲ್ಲ. 2015ರ ಕಾಯ್ದೆ ಬಂದದ್ದೇ ಆ ಸಿಟ್ಟಿನ ನಡುವೆ. ವಶಕ್ಕೆ ಬಂದ ಅಪ್ರಾಪ್ತರಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು 16ರಿಂದ 18ರ ನಡುವಿನವರೇ ಎಂಬುದೂ ನಿಜ. ಅದಕ್ಕೆಂದೇ 15ನೇ ಸೆಕ್ಷನ್ ಪ್ರಾಥಮಿಕ ಮೌಲ್ಯಮಾಪನ ತಂದಿದೆ: ಅಪರಾಧ ಎಸಗುವ ಮಾನಸಿಕ, ದೈಹಿಕ ಸಾಮರ್ಥ್ಯ, ಪರಿಣಾಮ ಅರಿಯುವ ಶಕ್ತಿ, ಕೃತ್ಯ ನಡೆದ ಸಂದರ್ಭ ಇವನ್ನು ಮಂಡಳಿ ತೂಗಿ, ಬೇಕಿದ್ದರೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಮಂಡಳಿಯಲ್ಲಿ ಮಕ್ಕಳ ಮನಶ್ಶಾಸ್ತ್ರ ಓದಿದವರಿಲ್ಲದಿದ್ದರೆ ತಜ್ಞರ ನೆರವು ಪಡೆಯಲೇಬೇಕು ಎಂದು ಗುರುಗ್ರಾಮದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೇಳಿತು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ಹತ್ತಿರವಿರುವುದು ನಮ್ಮ ಭಾಗ್ಯ. ಆದರೆ ತಜ್ಞರು ಹೇಳಬಲ್ಲದ್ದು ಮನಸ್ಸಿನ ವಿಷಯ. ‘ಸಂದರ್ಭ’ ಏನಿತ್ತು ಎಂಬುದು ಹೆಚ್ಚಾಗಿ ಪೊಲೀಸ್ ಕಡತದಿಂದಲೇ ಬರಬೇಕು. ಮೊದಲ ಹಾಜರಿಯಿಂದ ಒಂದು ತಿಂಗಳೊಳಗೆ ಸಾಕ್ಷಿ ಹೇಳಿಕೆ, ದಾಖಲೆಗಳನ್ನು ಮಂಡಳಿಗೆ ಕೊಡಬೇಕೆಂದು ಮಾದರಿ ನಿಯಮ ಹೇಳುತ್ತದೆ. ಮೌಲ್ಯಮಾಪನಕ್ಕೆ ಕಾಯ್ದೆ ಕೊಟ್ಟಿರುವುದು ಮೂರು ತಿಂಗಳು. ಸಣ್ಣ ಮತ್ತು ಗಂಭೀರ ಅಪರಾಧಗಳಲ್ಲಿ ಅಂತಿಮ ವರದಿಗೆ ಎರಡು ತಿಂಗಳು. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ, ವಿಸ್ತರಣೆ ಸೇರಿ ಆರರಲ್ಲಿ ಮುಗಿಯದಿದ್ದರೆ ಪ್ರಕರಣವೇ ಕೊನೆಗೊಳ್ಳುತ್ತದೆ. ಕಠಿಣ ಕ್ರಮ ಬೇಕೆನ್ನುವವರು ನಿಜಕ್ಕೂ ಒತ್ತಾಯಿಸಬೇಕಾದ್ದು ಈ ಗಡುವುಗಳ ಪಾಲನೆಯನ್ನು.

ಸಿಬ್ಬಂದಿ ಎಲ್ಲಿದ್ದಾರೆ, ತರಬೇತಾದವರು ಆರು ತಿಂಗಳಲ್ಲಿ ವರ್ಗವಾಗುತ್ತಾರೆ ಎಂಬ ದೂರಿಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಅದು ಬಹುಮಟ್ಟಿಗೆ ಸರಿ. ವಿಶೇಷ ಘಟಕಗಳು ಕಾಗದದ ಮೇಲಷ್ಟೇ ಇರಬಾರದೆಂದು ಸುಪ್ರೀಂ ಕೋರ್ಟ್ 2018ರ ಸಂಪೂರ್ಣ ಬೆಹುರಾ ಪ್ರಕರಣದಲ್ಲಿ ನಿರ್ದೇಶನ ಕೊಡಬೇಕಾಗಿ ಬಂತೆಂದರೆ ಸ್ಥಿತಿ ಊಹಿಸಿಕೊಳ್ಳಬಹುದು. ಆದರೂ ಮುಖ್ಯಸ್ಥರ ಅಧಿಕಾರದಲ್ಲೇ ಆಗುವ ಕೆಲಸಗಳಿವೆ: ಮಂಡಳಿಯ ಸದಸ್ಯರು, ಪರಿವೀಕ್ಷಣಾಧಿಕಾರಿ, ಕಾನೂನು ಸೇವಾ ಪ್ರಾಧಿಕಾರದ ನಂಬರುಗಳನ್ನು ಪ್ರತಿ ಠಾಣೆಯ ಗೋಡೆಗೆ ಹಾಕಿಸುವುದು, ಮಕ್ಕಳ ಅಧಿಕಾರಿ ರಜೆಯಲ್ಲಿದ್ದರೆ ಪಕ್ಕದ ಠಾಣೆಯವರು ಬರುವ ಏರ್ಪಾಡು, ಮತ್ತು ಮುಖ್ಯವಾಗಿ ಮೊಬೈಲ್ ಶಿಸ್ತು. ಹುಡುಗನ ಫೋಟೊ ಠಾಣೆಯ ವಾಟ್ಸ್‌ಆ್ಯಪ್ ಗುಂಪಿನಿಂದ ಊರಿನ ಗುಂಪಿಗೆ ಹೋಗಲು ಎರಡು ನಿಮಿಷ ಸಾಕು. ಗುರುತು ಬಯಲು ಮಾಡಿದರೆ 74ನೇ ಸೆಕ್ಷನ್‌ನಂತೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಂದೆ ಕೆಲಸಕ್ಕಾಗಿ ನಡತೆ ಪ್ರಮಾಣಪತ್ರ ಕೇಳಿದಾಗ, ಮುಗಿದ ಪ್ರಕರಣವನ್ನು ಪೊಲೀಸರು ಅದರಲ್ಲಿ ಕಾಣಿಸುವಂತಿಲ್ಲ ಎಂಬುದೂ ಅದೇ ಸೆಕ್ಷನ್‌ನಲ್ಲಿದೆ.

ಓದುಗರಲ್ಲಿ ಯಾರಿಗಾದರೂ ಠಾಣೆಯಿಂದ ಇಂಥ ಕರೆ ಬಂದರೆ ಒಂದೆರಡು ಮಾತು. ಹೋಗುವಾಗ ಶಾಲೆಯ ದಾಖಲಾತಿ ವಿವರ ಮತ್ತು ಜನನ ಪ್ರಮಾಣಪತ್ರ ಕೈಯಲ್ಲಿರಲಿ. ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯ ಹೆಸರು, ದಿನಚರಿಯ ನಮೂದಿನ ಸಂಖ್ಯೆ, ಮಂಡಳಿಯ ಮುಂದೆ ಹಾಜರುಪಡಿಸುವ ಸಮಯ ಈ ಮೂರನ್ನು ಕೇಳಿ ಬರೆದುಕೊಳ್ಳಿ. ಮಗು ಲಾಕಪ್ಪಿನಲ್ಲಿದ್ದರೆ ಅಲ್ಲೇ ಕೂತು ವಾದ ಮಾಡುವ ಬದಲು ಘಟಕದ ಡಿವೈಎಸ್‌ಪಿಗೆ ಫೋನ್ ಮಾಡಿ. ಆದಾಯ ಎಷ್ಟೇ ಇರಲಿ, ಮಕ್ಕಳಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ಕಾನೂನು ನೆರವಿನ ಸಹಾಯವಾಣಿ 15100, ಮಕ್ಕಳ ಸಹಾಯವಾಣಿ 1098.